ಕೊಳೆ, ಕಲೆ, ಮೈಲಿಗೆ

ಮನೆಗೆ ಯಾವ ಸೋಪಿನ ಹುಡಿ ಒಪ್ಪುತ್ತದೆ ಎಂಬುದು ಧರ್ಮಾಧರ್ಮದ ಪ್ರಶ್ನೆ ಎಂದರೆ ನಗುವವರೇ ಹೆಚ್ಚು. "ಅಂಗಡಿಯಲ್ಲಿ ಕೇಳಿದರೆ ಆಯಿತಲ್ಲ ಮಾರಾಯ್ರೆ, ಅದಕ್ಕೊಂದು ಪ್ರಬಂಧ ಎಂಥದ್ದಕ್ಕೆ?" ಎಂದಾರು. ಧರ್ಮ, ನ್ಯಾಯ ಎಂದ ಕೂಡಲೇ ನಮ್ಮ ಕಾಸರಗೋಡಿನ ಕಡೆಯವರಿಗೆ ತಾಳಮದ್ದಳೆಯ ಅರ್ಥಗಾರಿಕೆ ನೆನಪಾಗುತ್ತದೆ. ರಾಮ ಮರೆಯಲ್ಲಿ ನಿಂತು ವಾಲಿಗೆ ಬಾಣ ಬಿಟ್ಟದ್ದು ಸರಿಯೋ ತಪ್ಪೋ ಎಂದು ಬೆಳಗಿನ ತನಕ ವಾದ ಕೇಳಿದವರು ನಾವು. ಅದು ಒಳ್ಳೆಯದೇ. ಆದರೆ ಮರೆಯಲ್ಲಿ ನಿಂತು ಬಾಣ ಬಿಡುವ ಸಂದರ್ಭ ನಮಗೆ ಯಾರಿಗೂ ಬರಲಿಕ್ಕಿಲ್ಲ. ಬಟ್ಟೆ ಒಗೆಯುವ ಸಂದರ್ಭ ದಿನಾ ಬರುತ್ತದೆ. ಹುಡಿಗೆ ಹಣ ಕೊಡುವವರು ಒಬ್ಬರು, ಆ ಹುಡಿಯ ನೀರಿನಲ್ಲಿ ಕೈ ಅದ್ದುವವರು ಇನ್ನೊಬ್ಬರು, ಒಗೆದದ್ದನ್ನು ಉಟ್ಟು ಪೇಟೆಗೆ ಹೋಗುವವರು ಮತ್ತೊಬ್ಬರು. ಒಗೆದ ನೀರು ಹರಿದು ಹೋಗುವ ತೋಡಿನ ಕೆಳಗೆ ಇರುವವರು ಬೇರೆಯೇ. ಇಷ್ಟು ಜನರ ಪಾಲು ಇರುವ ಕೆಲಸದಲ್ಲಿ ನ್ಯಾಯದ ಪ್ರಶ್ನೆ ಇಲ್ಲದೆ ಇರುತ್ತದೆಯೇ?

ಕನ್ನಡದಲ್ಲಿ ಬಟ್ಟೆಗೆ ಅಂಟುವುದಕ್ಕೆ ಮೂರು ಹೆಸರು ಉಂಟು: ಕೊಳೆ, ಕಲೆ, ಮೈಲಿಗೆ. ಮಾತಿನಲ್ಲಿ ಒಂದರ ಬದಲಿಗೆ ಇನ್ನೊಂದನ್ನು ಬಳಸಿದರೂ ಇವು ಮೂರೂ ಬೇರೆ ಬೇರೆ.

ಕೊಳೆ ಎಂದರೆ ಬೆವರು, ಎಣ್ಣೆ, ಜಿಡ್ಡು, ಮಣ್ಣು, ಸೆಗಣಿ. ಬಿಟ್ಟರೆ ನಾರುತ್ತದೆ, ತುರಿಕೆ ತರುತ್ತದೆ, ಬಟ್ಟೆಯನ್ನೂ ಹಾಳು ಮಾಡುತ್ತದೆ. ಅದನ್ನು ತೆಗೆಯಲೇಬೇಕು. ಕಲೆ ಎಂದರೆ, ನಮ್ಮಲ್ಲಿ ಕರೆ ಎಂದೂ ಹೇಳುತ್ತಾರೆ, ಕೊಳೆ ಹೋದ ಮೇಲೂ ಉಳಿಯುವ ಗುರುತು. ಬಾಳೆಗೊನೆ ಹೊತ್ತವನ ಹೆಗಲ ಮೇಲಿನ ಕರೆ, ಹಸಿ ಅಡಿಕೆ ಸುಲಿದವಳ ಸೀರೆಯ ಮೇಲಿನ ಕರೆ. ಅದು ನಾರುವುದಿಲ್ಲ, ಅದರಿಂದ ಯಾರಿಗೂ ಕಾಯಿಲೆ ಬರುವುದಿಲ್ಲ. ಮೈಲಿಗೆ ಬಟ್ಟೆಯಲ್ಲಿ ಇಲ್ಲವೇ ಇಲ್ಲ, ಅದು ಇರುವುದು ನೋಡುವವರ ಮನಸ್ಸಿನಲ್ಲಿ. ಒಬ್ಬರ ಬಟ್ಟೆಯನ್ನು ನೋಡಿ "ಇವರು ಇಂಥವರು" ಎಂದು ದೂರ ಇಡುತ್ತೇವಲ್ಲ, ಆ ತೀರ್ಪಿನ ಹೆಸರು ಮೈಲಿಗೆ.

ಸೋಪು ಕೆಲಸ ಮಾಡುವುದು ಕೊಳೆಯ ಮೇಲೆ. ಕಲೆಯ ಮೇಲೆ ಅಷ್ಟಿಷ್ಟು. ಮೈಲಿಗೆಯ ಮೇಲೆ ಯಾವ ಕಂಪೆನಿಯ ಹುಡಿಯೂ ನಡೆಯುವುದಿಲ್ಲ. ಹಾಗಾಗಿ ಹುಡಿ ಕೊಳ್ಳುವಾಗ ಈ ಮೂರರಲ್ಲಿ ಯಾವುದನ್ನು ತೊಳೆಯಲಿಕ್ಕೆ ಕೊಳ್ಳುತ್ತಿದ್ದೇವೆ ಎಂದು ಕೇಳಿಕೊಂಡರೆ ಅರ್ಧ ತೀರ್ಮಾನ ಆದ ಹಾಗೆ. ಉಳಿದ ಅರ್ಧ, ಅದರ ಬೆಲೆಯನ್ನು ಯಾರು ತೆರುತ್ತಿದ್ದಾರೆ ಎಂಬುದನ್ನು ನೋಡುವುದರಲ್ಲಿ ಉಂಟು. ಈ ಪ್ರಬಂಧದಲ್ಲಿ ಹೇಳಲಿಕ್ಕಿರುವುದು ಇಷ್ಟೇ.

ಮೊದಲು ಕೊಳೆಯ ವಿಷಯ ನೋಡುವ. ಸೋಪಿನ ಕಣಕ್ಕೆ ಎರಡು ತುದಿ. ಒಂದು ಜಿಡ್ಡನ್ನು ಹಿಡಿಯುತ್ತದೆ, ಇನ್ನೊಂದು ನೀರನ್ನು ಹಿಡಿಯುತ್ತದೆ. ತಿಕ್ಕಿ ಜಾಲಾಡಿಸುವಾಗ ಜಿಡ್ಡು ನೀರಿನ ಜೊತೆಗೆ ಹೊರಟು ಹೋಗುತ್ತದೆ. ಬಾರ್ ಸೋಪಿಗೂ ಹುಡಿಗೂ ಈ ತತ್ವ ಒಂದೇ. ಆದರೆ ಹಳೆಯ ಕಾಲದ ಬಾರ್ ಸೋಪು ಎಣ್ಣೆಗೆ ಕ್ಷಾರ ಸೇರಿಸಿ ಮಾಡಿದ್ದು. ಈಗಿನ ಹುಡಿ ಹೆಚ್ಚಾಗಿ ಪೆಟ್ರೋಲಿಯಂನಿಂದ ಬಂದ ಡಿಟರ್ಜೆಂಟ್. ಬಾರ್ ಎಂದು ಮಾರುವುದರಲ್ಲಿಯೂ ಈಗ ಡಿಟರ್ಜೆಂಟ್ ಬಾರ್ ಬೇರೆ, ಸೋಪಿನ ಬಾರ್ ಬೇರೆ. ಕಾಗದದ ಮೇಲೆ ಬರೆದಿರುತ್ತಾರೆ, ಓದಿ ನೋಡಬೇಕು.

ಈ ಎರಡರ ವ್ಯತ್ಯಾಸ ಗೊತ್ತಾಗುವುದು ನೀರಿನಲ್ಲಿ. ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣ ಜಾಸ್ತಿ ಇದ್ದರೆ ಸೋಪು ಅವುಗಳ ಜೊತೆ ಸೇರಿ ಒಡೆದ ಹಾಲಿನ ಹಾಗೆ ಗಸಿ ಕಟ್ಟುತ್ತದೆ. ಡಿಟರ್ಜೆಂಟಿಗೆ ಆ ತೊಂದರೆ ಕಡಿಮೆ. ಬಯಲುಸೀಮೆಯ ಗಡಸು ನೀರಿನವರು ಹುಡಿಯನ್ನು ನೆಚ್ಚಿದ್ದರಲ್ಲಿ ಅರ್ಥ ಉಂಟು. ನಮ್ಮಲ್ಲಿ ವರ್ಷಕ್ಕೆ ಸುಮಾರು 3,500 ಮಿಲಿಮೀಟರ್ ಮಳೆ. ಅದು ಮುರಕಲ್ಲಿನ ಗುಡ್ಡದಲ್ಲಿ ಇಂಗಿ ಸುರಂಗಕ್ಕೋ ಬಾವಿಗೋ ಬರುವಾಗ ಮೆದು ನೀರಾಗಿಯೇ ಬರುತ್ತದೆ. ಅಂಥ ನೀರಿಗೆ ಸಾಧಾರಣ ಸೋಪಿನ ಬಾರ್ ಧಾರಾಳ ಸಾಕು. ಹಾಗೆಂದು ಊರಿಗೆ ಊರೇ ಒಂದು ಅಂತ ಅಲ್ಲ. ಸಮುದ್ರದ ಹತ್ತಿರ, ಹೊಳೆಯ ಅಳಿವೆಯ ಹತ್ತಿರ ಇರುವ ಬಾವಿಗಳಿಗೆ ಬೇಸಗೆಯಲ್ಲಿ ಉಪ್ಪು ಏರುವುದುಂಟು. ಆಳದ ಬೋರಿನ ನೀರಿನಲ್ಲಿ ಕಬ್ಬಿಣದ ಅಂಶ ಇರುವುದುಂಟು. ಹಾಗಾಗಿ ನೆರೆಮನೆಯವರು ತಂದ ಹುಡಿಯನ್ನೇ ನಾವೂ ತರಬೇಕು ಎಂಬುದಕ್ಕೆ ಆಧಾರ ಇಲ್ಲ.

ಪರೀಕ್ಷೆ ಸುಲಭ. ಒಂದು ಚೊಕ್ಕ ಬಾಟ್ಲಿಗೆ ಅರ್ಧದಷ್ಟು ನೀರು ಹಾಕಿ, ಸೋಪಿನ ಬಾರಿನಿಂದ ನಾಲ್ಕು ಚೂರು ಕೆರೆದು ಹಾಕಿ ಚೆನ್ನಾಗಿ ಕುಲುಕಿಸಿ. ನೊರೆ ಎದ್ದು ನಿಂತು ಕೆಳಗಿನ ನೀರು ತಿಳಿಯಾಗಿ ಉಳಿದರೆ ಮೆದು ನೀರು. ನೊರೆ ಬಾರದೆ ನೀರು ಹಾಲಿನ ಹಾಗೆ ಬೆಳ್ಳಗಾಗಿ ಗಸಿ ತೇಲಿದರೆ ಗಡಸು ನೀರು. ಶಾಲೆಯ ಮಕ್ಕಳಿಂದ ಮನೆ ಮನೆಯ ನೀರು ತರಿಸಿ ಇದನ್ನು ಮಾಡಿಸಬಹುದು. ಒಂದು ಪಿರಿಯಡ್ಡಿನಲ್ಲಿ ಊರಿನ ನೀರಿನ ನಕ್ಷೆಯೇ ಸಿಗುತ್ತದೆ.

ನೊರೆಯ ಬಗ್ಗೆಯೂ ಒಂದು ಮಾತು. ನೊರೆ ಜಾಸ್ತಿ ಬಂದರೆ ಕೊಳೆ ಜಾಸ್ತಿ ಹೋಯಿತು ಎಂದು ನಮಗೆ ಅನಿಸುತ್ತದೆ. ಕಂಪೆನಿಯವರಿಗೂ ಇದು ಗೊತ್ತು, ಹಾಗಾಗಿ ಕೈಯಲ್ಲಿ ಒಗೆಯುವ ಹುಡಿಗಳಲ್ಲಿ ನೊರೆಗೆ ಕೊರತೆ ಇಲ್ಲ. ನಿಜವಾಗಿ ನೊರೆ ಬೇರೆ, ಒಗೆತ ಬೇರೆ. ಬಾಗಿಲು ಎದುರಿಗಿರುವ ಮೆಷಿನಿಗೆ ಬೇಕೆಂದೇ ಕಡಿಮೆ ನೊರೆಯ ಹುಡಿ ಮಾಡುತ್ತಾರೆ, ಅದರಲ್ಲಿ ಬಟ್ಟೆ ಚೊಕ್ಕ ಆಗುವುದಿಲ್ಲವೇ? ಎರಡು ಚಮಚ ಸಾಕಾಗುವಲ್ಲಿ ನಾಲ್ಕು ಚಮಚ ಹಾಕಿದರೆ ಹೆಚ್ಚುವುದು ನೊರೆ. ಆ ನೊರೆಯನ್ನು ಕಳೆಯಲಿಕ್ಕೆ ಎರಡು ನೀರಿನಲ್ಲಿ ಮುಗಿಯುವ ಜಾಲಾಟಕ್ಕೆ ನಾಲ್ಕು ನೀರು ಬೇಕು. ಪಂಪು ಇದ್ದ ಮನೆಯಲ್ಲಿ ಅದು ಕರೆಂಟಿನ ಲೆಕ್ಕ. ಬಾವಿಯಿಂದ ಸೇದುವ ಮನೆಯಲ್ಲಿ ಅದು ಒಬ್ಬರ ಸೊಂಟದ ಲೆಕ್ಕ. ಏಪ್ರಿಲ್ ತಿಂಗಳಲ್ಲಿ ಬಾವಿಯ ತಳ ಕಾಣುವಾಗ ಅದು ಎಲ್ಲರ ಲೆಕ್ಕ. ಪ್ಯಾಕೆಟಿನ ಮೇಲೆ ಅಚ್ಚಾದ ಬೆಲೆಯಲ್ಲಿ ಇದು ಯಾವುದೂ ಸೇರಿರುವುದಿಲ್ಲ.

ಅರ್ಧ ಗಂಟೆ ನೆನೆಸಿಟ್ಟರೆ ಕಡಿಮೆ ಹುಡಿ ಸಾಕು. ಬೆವರು, ಹಾಲು, ರಕ್ತ, ಮಕ್ಕಳ ಬಟ್ಟೆಯ ಕೊಳೆಗೆ ಎಂಜೈಮ್ ಇರುವ ಹುಡಿ ಒಳ್ಳೆಯದು. ಅವು ಬಿಸಿ ಕುದಿಯುವ ನೀರಿನಲ್ಲಿ ಕೆಲಸ ಮಾಡುವುದಿಲ್ಲ, ಉಗುರುಬೆಚ್ಚಗೆ ಇರಬೇಕು. ಮದುವೆಯ ರೇಷ್ಮೆ ಸೀರೆಯನ್ನು ಅದರಲ್ಲಿ ಹಾಕಬಾರದು. ರೇಷ್ಮೆಯೂ ಪ್ರೋಟೀನೇ, ಎಂಜೈಮಿಗೆ ಕೊಳೆ ಯಾವುದು ಸೀರೆ ಯಾವುದು ಎಂಬ ಭೇದ ಇಲ್ಲ. ಆಟಿ ತಿಂಗಳಲ್ಲಿ ಒಣಗದ ಬಟ್ಟೆಯಿಂದ ಬರುವ ಮುಗ್ಗಲು ವಾಸನೆಗೆ ಹುಡಿ ಹೆಚ್ಚು ಹಾಕಿ ಪ್ರಯೋಜನ ಇಲ್ಲ. ತೇವ ನಿಂತಲ್ಲಿ ಸೂಕ್ಷ್ಮಜೀವಿ ಬೆಳೆದು ಬರುವ ವಾಸನೆ ಅದು. ಚೆನ್ನಾಗಿ ಜಾಲಾಡಿ, ಗಟ್ಟಿಯಾಗಿ ಹಿಂಡಿ, ಗಾಳಿಯಾಡುವಲ್ಲಿ ಬಿಡಿಬಿಡಿಯಾಗಿ ಹರವುವುದೇ ಅದಕ್ಕೆ ಮದ್ದು. ಸುಗಂಧದ ಹುಡಿ ವಾಸನೆಯನ್ನು ತೆಗೆಯುವುದಿಲ್ಲ, ಮುಚ್ಚುತ್ತದೆ ಅಷ್ಟೇ.

ಕೊಳೆಯ ಮಟ್ಟಿಗೆ ಹೇಳಲಿಕ್ಕಿರುವುದು ಇಷ್ಟೇ, ಇದಕ್ಕೆ ದೊಡ್ಡ ಖರ್ಚೂ ಬೇಡ. ಖರ್ಚು ಏರುವುದು ಕಲೆಯಿಂದ.

ಮಳೆಗಾಲದ ಮೊದಲು ಮತ್ತು ಮಳೆಗಾಲದ ನಡುವೆ ಅಡಿಕೆಗೆ ಮದ್ದು ಬಿಡುವವರನ್ನು ನೋಡಿದ್ದೀರಿ. ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ. ಅದೇ ಬೋರ್ಡೋ ದ್ರಾವಣ, ಕೊಳೆರೋಗಕ್ಕೆ ನಾವು ನೆಚ್ಚಿದ್ದು. ಮರದ ತುದಿಯಿಂದ ಇಳಿಯುವಾಗ ಆ ಮನುಷ್ಯನ ಅಂಗಿ, ಬೈರಾಸು, ಹಾಳೆ ಟೊಪ್ಪಿ ಎಲ್ಲ ನೀಲಿ ಹಸಿರು. ಆ ಬಟ್ಟೆಯನ್ನು ಉಳಿದ ಬಟ್ಟೆಯ ಜೊತೆ ಸೇರಿಸದೆ ಬೇರೆಯೇ ಒಗೆಯಬೇಕು, ಅದು ಆರೋಗ್ಯದ ವಿಷಯ. ಒಗೆದ ಮೇಲೂ ತಾಮ್ರದ ಬಣ್ಣ ಉಳಿಯುತ್ತದೆ. ಎಷ್ಟು ದುಬಾರಿ ಹುಡಿ ಹಾಕಿದರೂ ಅದು ಪೂರ್ತಿ ಹೋಗಲಿಕ್ಕಿಲ್ಲ, ಯಾಕೆಂದರೆ ಅದು ಜಿಡ್ಡಲ್ಲ. ಬೋರಿನ ನೀರಿನ ಕಬ್ಬಿಣದಿಂದ ಬಿಳಿ ಅಂಗಿ ಕಂದು ಹಳದಿಗೆ ತಿರುಗುವುದೂ ಹಾಗೆಯೇ. ಅಲ್ಲಿ ಬ್ಲೀಚಿಂಗ್ ಪೌಡರ್ ಹಾಕಿದರೆ ಬಣ್ಣ ಇನ್ನೂ ಗಟ್ಟಿಯಾಗುತ್ತದೆ. ಲಿಂಬೆಹುಳಿ ಹಿಂಡಿ ಉಪ್ಪು ತಿಕ್ಕಿದರೆ ಅಷ್ಟಿಷ್ಟು ಹೋಗುತ್ತದೆ. ನೀರನ್ನು ಹಿಂದಿನ ದಿನವೇ ಎತ್ತಿಟ್ಟು, ಕಬ್ಬಿಣ ತಳಕ್ಕೆ ಇಳಿದ ಮೇಲೆ ಮೇಲಿನ ತಿಳಿಯಲ್ಲಿ ಒಗೆಯುವುದು ಅದಕ್ಕಿಂತ ಒಳ್ಳೆಯ ದಾರಿ.

ಕೆಲಸ ಮಾಡಿದವನ ಬಟ್ಟೆಯಲ್ಲಿ ಕೆಲಸದ ಗುರುತು ಉಳಿಯುವುದು ಸಹಜ. ಜಾಹೀರಾತು ಈ ಸಹಜವನ್ನು ನಾಚಿಕೆಯಾಗಿ ಮಾಡುತ್ತದೆ. ಟಿವಿಯಲ್ಲಿ ನೋಡಿ: ಪಕ್ಕದ ಮನೆಯ ಹೆಂಗಸಿನ ಹಗ್ಗದ ಮೇಲಿನ ಬಟ್ಟೆ ಹಾಲಿನಷ್ಟು ಬಿಳಿ, ಈ ಮನೆಯ ಬಟ್ಟೆ ಮಸುಕು, ಈ ಹೆಂಗಸಿನ ಮುಖ ಸಣ್ಣದು. ಅಲ್ಲಿ ಕೊಳೆಯ ಮಾತೇ ಇಲ್ಲ. ಕಲೆಯನ್ನು ತೋರಿಸಿ ಮೈಲಿಗೆಯ ಭಯ ಹುಟ್ಟಿಸಿ ಹುಡಿ ಮಾರುವುದು ಅದರ ಉಪಾಯ. ಆ ಬಿಳುಪಾದರೂ ಎಂಥದ್ದು? ಬಹಳಷ್ಟು ಹುಡಿಗಳಲ್ಲಿ ಬಿಳುಪು ತೋರಿಸುವ ಒಂದು ರಾಸಾಯನಿಕ ಇರುತ್ತದೆ. ಬಿಸಿಲಿನಲ್ಲಿ ನಮ್ಮ ಕಣ್ಣಿಗೆ ಕಾಣದ ನೇರಳಾತೀತ ಕಿರಣವನ್ನು ಹೀರಿ ಅದನ್ನು ನಸುನೀಲಿ ಬೆಳಕಾಗಿ ಹೊರಗೆ ಬಿಡುವುದು ಅದರ ಕೆಲಸ. ಬಟ್ಟೆ ಅದರಿಂದ ಚೊಕ್ಕ ಆಗುವುದಿಲ್ಲ, ಚೊಕ್ಕ ಆದ ಹಾಗೆ ಕಾಣುತ್ತದೆ. ಒಗೆದು ಜಾಲಾಡಿದ ಮೇಲೂ ಅದು ಬಟ್ಟೆಯಲ್ಲಿಯೇ ಅಂಟಿ ಉಳಿಯಬೇಕು, ಉಳಿದರೇ ಅದರ ಕೆಲಸ ನಡೆಯುವುದು. ಹಿಂದಿನವರು ಬಟ್ಟೆಗೆ ನೀಲಿ ಅದ್ದುತ್ತಿದ್ದದ್ದೂ ಇದೇ ಜಾತಿಯ ಉಪಾಯ. 1983ರಲ್ಲಿ ನಮ್ಮದೇ ಕೇರಳದ ತ್ರಿಶೂರಿನಲ್ಲಿ ಹುಟ್ಟಿದ ಉಜಾಲಾ ಆ ನೀಲಿಯನ್ನು ದ್ರವರೂಪದಲ್ಲಿ ಮನೆಮನೆಗೆ ತಲುಪಿಸಿತು. ನೀಲಿ ಹಾಕುವುದು ತಪ್ಪು ಎಂದು ಹೇಳುತ್ತಿಲ್ಲ. ಹಬ್ಬದ ದಿನದ ಪಂಚೆ ಬಿಳಿಯಾಗಿ ಕಾಣಲಿ ಎಂಬ ಆಸೆಯಲ್ಲಿ ದೋಷ ಏನೂ ಇಲ್ಲ. ಅದು ಅಲಂಕಾರ ಎಂದು ತಿಳಿದು ಹಾಕಿದರೆ ಸರಿ, ಅದನ್ನೇ ಶುಚಿತ್ವ ಎಂದು ತಿಳಿದರೆ ಮೋಸ ಹೋದ ಹಾಗೆ.

ಈಗ ಮೈಲಿಗೆಗೆ ಬರುವ. "ಮಡಿ" ಎಂಬ ಮಾತಿಗೆ ಒಗೆದ ಬಟ್ಟೆ ಎಂಬ ಅರ್ಥ ಉಂಟು, ಅದರಿಂದಲೇ ಮಡಿವಾಳ. ಸೂತಕ ಕಳೆಯಲಿಕ್ಕೆ, ದೈವದ ಕಾರ್ಯಕ್ಕೆ ಮಡಿವಾಳರು ಕೊಟ್ಟ ಬಟ್ಟೆ ಬೇಕು. ಮಲೆಯಾಳಿಗಳಲ್ಲಿ ಬಟ್ಟೆ ಒಗೆಯುವ ಕುಲಕಸುಬಿನ ವಣ್ಣಾನ್ ಸಮುದಾಯದವರೇ ತೆಯ್ಯಂ ಕಟ್ಟುತ್ತಾರೆ, ಆ ಹೊತ್ತಿಗೆ ಊರಿನ ದೊಡ್ಡವರೂ ಅವರ ಎದುರು ಕೈಮುಗಿಯುತ್ತಾರೆ. ಆದರೆ ಎಲ್ಲರ ಕೊಳೆಯನ್ನು ಕಳೆದು ಎಲ್ಲರನ್ನೂ ಮಡಿ ಮಾಡಿದವರನ್ನು ಉಳಿದ ದಿನ ಅಂಗಳದ ಆಚೆ ನಿಲ್ಲಿಸಿದ ಸಮಾಜ ನಮ್ಮದು. ಕೊಳೆ ಮುಟ್ಟಿದವರಿಗೆ ಮೈಲಿಗೆ, ಕೊಳೆ ಮಾಡಿದವರಿಗೆ ಮಡಿ! ಹನ್ನೆರಡನೆಯ ಶತಮಾನದಲ್ಲಿ ಮಡಿವಾಳ ಮಾಚಿದೇವ ಶರಣರ ನಡುವೆ ಹಿರಿಯನಾಗಿ ನಿಂತದ್ದು ಈ ತಲೆಕೆಳಗಾದ ಲೆಕ್ಕವನ್ನು ತಿದ್ದಿದ ಹಾಗೆ. ಆ ಲೆಕ್ಕ ಇನ್ನೂ ಪೂರ್ತಿ ತಿದ್ದಿ ಆಗಿಲ್ಲ.

ಇದು ಹಳೆಯ ಕತೆ, ಈಗ ಎಲ್ಲಿ ಉಂಟು ಎಂದು ಕೇಳಿದರೆ ಶಾಲೆಯ ಅಸೆಂಬ್ಲಿಯ ಸಾಲನ್ನು ತೋರಿಸಬೇಕಾಗುತ್ತದೆ. ಇಲ್ಲಿ ನಮ್ಮ ಊರಿನ ಮಾಸ್ಟ್ರುಗಳು, ಟೀಚರುಗಳು ಬೇಸರ ಮಾಡಬಾರದು. ಯೂನಿಫಾರ್ಮ್ ಬಂದದ್ದು ಬಡವ, ಬಲ್ಲಿದ ಎಂಬ ಭೇದ ಕಾಣಬಾರದು ಎಂದು. ಆದರೆ ಬಿಳಿ ಅಂಗಿ ಭೇದವನ್ನು ಮುಚ್ಚುವುದಕ್ಕಿಂತ ಜಾಸ್ತಿ ತೋರಿಸಿ ಕೊಡುತ್ತದೆ. ಸುರಂಗದ ನೀರು, ಮೆಷಿನು, ಎರಡು ಜೊತೆ ಅಂಗಿ ಇರುವ ಮನೆಯ ಮಗು ಒಂದು ಬಿಳಿ. ಬೋರಿನ ನೀರು, ಒಂದೇ ಜೊತೆ ಅಂಗಿ, ಸಂಜೆ ಕೂಲಿಯಿಂದ ಬಂದು ಕತ್ತಲೆಯಲ್ಲಿ ಒಗೆಯುವ ತಾಯಿ ಇರುವ ಮನೆಯ ಮಗು ಇನ್ನೊಂದು ಬಿಳಿ. ಎರಡನೆಯ ಮಗುವಿನ ಅಂಗಿ ಮೊದಲನೆಯದಕ್ಕಿಂತ ಜಾಸ್ತಿ ಸಲ ತಿಕ್ಕಿಸಿಕೊಂಡಿರಬಹುದು. ಅದರಲ್ಲಿ ಕೊಳೆ ಇಲ್ಲ, ಕಬ್ಬಿಣದ ಕಲೆ ಉಂಟು. ಸಾಲಿನಲ್ಲಿ ಆ ಮಗುವನ್ನು ನಿಲ್ಲಿಸಿ "ಏನೋ, ಮನೆಯಲ್ಲಿ ಸೋಪಿಲ್ಲವಾ?" ಎಂದು ಕೇಳಿದರೆ ಕಲೆ ಆ ಕ್ಷಣದಲ್ಲಿ ಮೈಲಿಗೆ ಆಯಿತು. ಮಗು ಮನೆಗೆ ಹೋಗಿ ಟಿವಿಯಲ್ಲಿ ಕಂಡ ದುಬಾರಿ ಹುಡಿಗೆ ಹಟ ಮಾಡುತ್ತದೆ. ತಾಯಿ ಮೀನಿನದ್ದೋ ಹಾಲಿನದ್ದೋ ಹಣವನ್ನು ಅದಕ್ಕೆ ಹಾಕುತ್ತಾಳೆ. ಹಾಕಿದರೂ ಅಂಗಿ ಹಾಗೆಯೇ ಇರುತ್ತದೆ, ಯಾಕೆಂದರೆ ತೊಂದರೆ ಇರುವುದು ನೀರಿನಲ್ಲಿ. ಒಂದು ಮಾತಿಗೆ ಒಂದು ಮನೆ ತೆತ್ತ ದಂಡ ಇದು. ಉಗುರು ನೋಡಿ, ತಲೆ ನೋಡಿ, ಅಂಗಿ ನಾರುತ್ತದೆಯೋ ಎಂದೂ ಬೇಕಾದರೆ ಗಮನಿಸಿ ಗುಟ್ಟಿನಲ್ಲಿ ಹೇಳಿ. ಬಣ್ಣಕ್ಕೆ ಅಂಕ ಕೊಡುವುದು ಬೇಡ.

ಇದಕ್ಕೆ ಒಂದು ಬಲವಾದ ಆಕ್ಷೇಪ ಉಂಟು. ಅದನ್ನು ದಾಟಿ ಹೋಗಲಿಕ್ಕೆ ಆಗುವುದಿಲ್ಲ. "ಬಿಳಿ ಬಟ್ಟೆ ಬರೀ ಆಡಂಬರ ಅಂತ ಹೇಳುವುದು ಉಳ್ಳವರಿಗೆ ಸುಲಭ. ಚೊಕ್ಕ ಬಟ್ಟೆ ಉಡುವ ಹಕ್ಕೇ ಇಲ್ಲದಿದ್ದವರಿಗೆ ಅದು ಮರ್ಯಾದೆಯ ಪ್ರಶ್ನೆ ಅಲ್ವೋ?" ಹೌದು. 1893ರಲ್ಲಿ ತಿರುವಾಂಕೂರಿನಲ್ಲಿ ಅಯ್ಯಂಕಾಳಿಯವರು ಬಿಳಿ ಪಂಚೆ ಉಟ್ಟು, ತಲೆಗೆ ಮುಂಡಾಸು ಸುತ್ತಿ, ತಮ್ಮ ಜಾತಿಯವರಿಗೆ ನಿಷೇಧವಾಗಿದ್ದ ಹಾದಿಯಲ್ಲಿ ಎತ್ತಿನ ಬಂಡಿ ಓಡಿಸಿದರು. ಆ ಬಿಳಿ ಬಟ್ಟೆಯೇ ಒಂದು ಘೋಷಣೆ. ನಾರಾಯಣ ಗುರುಗಳು ಶಿವಗಿರಿ ಯಾತ್ರೆಗೆ ಹೇಳಿದ ಎಂಟು ಗುರಿಗಳಲ್ಲಿ ವಿದ್ಯೆಯ ಜೊತೆಗೇ ಶುಚಿತ್ವವೂ ಉಂಟು. ಶುಚಿತ್ವ ಬೇಡ ಎನ್ನುವವರು ಇವರೆಲ್ಲರಿಗೂ ಉತ್ತರ ಕೊಡಬೇಕಾಗುತ್ತದೆ.

ಆದರೆ ಅಯ್ಯಂಕಾಳಿಯವರ ಬಿಳಿ ಬಟ್ಟೆಗೂ ಅಸೆಂಬ್ಲಿಯ ಸಾಲಿನ ಬಿಳಿ ಬಟ್ಟೆಗೂ ಒಂದು ವ್ಯತ್ಯಾಸ ಕಾಣುತ್ತದೆ. ಅವರು ಅದನ್ನು ತಾವೇ ಆರಿಸಿ ಉಟ್ಟರು, ತಮ್ಮ ಮೇಲೆ ಮೈಲಿಗೆಯ ತೀರ್ಪು ಕೊಟ್ಟವರ ಎದುರು ಉಟ್ಟರು. ಇಲ್ಲಿ ತೀರ್ಪು ಕೊಡುವವರು ಬಿಳುಪನ್ನು ಕೇಳುತ್ತಿದ್ದಾರೆ. ಒಬ್ಬ ಕೂಲಿಯಾಳು ಭಾನುವಾರದ ಅಂಗಿಗೆ ಒಳ್ಳೆಯ ಹುಡಿ, ನೀಲಿ, ಇಸ್ತ್ರಿ ಎಲ್ಲ ಹಾಕಿಸಿ ಪೇಟೆಗೆ ಹೊರಟರೆ "ಇದೆಲ್ಲ ದಂಡದ ಖರ್ಚು" ಎಂದು ಹೇಳುವ ಅಧಿಕಾರ ಯಾರಿಗೂ ಇಲ್ಲ. ಅವನ ಮರ್ಯಾದೆಯ ಬೆಲೆ ಅವನಿಗೆ ಗೊತ್ತು. ಬಿಳುಪನ್ನು ಉಡುವುದು ಒಬ್ಬರ ಸ್ವಾತಂತ್ರ್ಯ, ಅದನ್ನು ಇನ್ನೊಬ್ಬರಿಂದ ಕೇಳಿ ಪಡೆಯುವಾಗ ಅದರ ಖರ್ಚು ಯಾರ ಮೇಲೆ ಬೀಳುತ್ತದೆ ಎಂದು ನೋಡಬೇಕು.

ಆ ಖರ್ಚು ಬೀಳುವ ಮೊದಲನೆಯ ಜಾಗ ಒಗೆಯುವವರ ಕೈ. ಅಗ್ಗದ ಹುಡಿಗಳಲ್ಲಿ ಸೋಡಾ ಜಾಸ್ತಿ. ಅದು ಒಳ್ಳೆಯ ಕ್ಷಾರ, ಜಿಡ್ಡು ಬಿಡಿಸುತ್ತದೆ, ಜೊತೆಗೆ ಚರ್ಮದ ಜಿಡ್ಡನ್ನೂ ಬಿಡಿಸುತ್ತದೆ. ಬೆರಳ ಸಂದು ಒಡೆಯುವುದು, ಉಗುರಿನ ಬುಡ ಸುಲಿಯುವುದು, ಉಪ್ಪಿನಕಾಯಿ ಮುಟ್ಟಿದರೆ ಉರಿಯುವುದು ಇದರಿಂದಲೇ. ಸುಗಂಧ ಒಗ್ಗದೆ ತುರಿಕೆ ಬರುವವರೂ ಇದ್ದಾರೆ. ಆದರೆ ಹೆಚ್ಚಿನ ಮನೆಗಳಲ್ಲಿ ಹುಡಿ ತರುವವರು ಗಂಡಸರು, ಒಗೆಯುವವರು ಹೆಂಗಸರು. ಪೇಟೆಯಿಂದ ಚೀಲ ತಂದಿಟ್ಟು "ಇದು ಕಡಿಮೆಗೆ ಸಿಕ್ಕಿತು" ಎನ್ನುವವರು ಅದರಲ್ಲಿ ಕೈ ಅದ್ದುವುದಿಲ್ಲ. ಕೆಲಸಕ್ಕೆ ಬರುವ ಅಕ್ಕ ಒಗೆಯುವ ಮನೆಯಲ್ಲಂತೂ "ನಿನಗೆ ಯಾವುದು ಆಗ್ತದೆ ಅಕ್ಕ?" ಎಂದು ಕೇಳಿದವರು ಅಪರೂಪ.

ಹಾಗೆಂದು ಅಗ್ಗದ ಹುಡಿಯನ್ನು ಹಳಿಯಲಿಕ್ಕೂ ಆಗುವುದಿಲ್ಲ. 1959ರಲ್ಲಿ ಸರ್ಫ್ ನಮ್ಮ ದೇಶಕ್ಕೆ ಬಂದಾಗ ಅದು ಪೇಟೆಯ ಅನುಕೂಲಸ್ಥರ ಹುಡಿ. 1969ರಲ್ಲಿ ಅಹಮದಾಬಾದಿನಲ್ಲಿ ಕರ್ಸನ್‌ಭಾಯಿ ಪಟೇಲರು ಮನೆಯ ಹಿತ್ತಿಲಲ್ಲಿ ನಿರ್ಮಾ ಮಾಡಿ, ಸೈಕಲಿನಲ್ಲಿ ಕೊಂಡುಹೋಗಿ, ದೊಡ್ಡ ಕಂಪೆನಿಯ ಹುಡಿಗಿಂತ ಎಷ್ಟೋ ಕಡಿಮೆ ಬೆಲೆಗೆ ಮಾರಿದ ಮೇಲೆ ಬಡವರ ಮನೆಗೂ ಹುಡಿ ಬಂತು. ಅದಕ್ಕೆ ಉತ್ತರವಾಗಿ ಸರ್ಫಿನವರು 1980ರ ದಶಕದಲ್ಲಿ ಟಿವಿಯ ಮೇಲೆ ಲಲಿತಾಜೀ ಎಂಬ ಗಟ್ಟಿ ಗೃಹಿಣಿಯನ್ನು ತಂದರು. ಅಗ್ಗದ್ದು ಬೇರೆ, ಒಳ್ಳೆಯದು ಬೇರೆ ಎಂಬುದು ಆಕೆಯ ವಾದ. ಇಬ್ಬರ ವಾದದಲ್ಲಿಯೂ ಸತ್ಯ ಉಂಟು. ಆದರೆ ಇಬ್ಬರೂ ಲೆಕ್ಕ ಹಾಕಿದ್ದು ಹಣವನ್ನು ಮಾತ್ರ. ಕೈಯನ್ನೂ ನೀರನ್ನೂ ಲೆಕ್ಕಕ್ಕೆ ಸೇರಿಸುವ ಕೆಲಸ ಕಂಪೆನಿಯದ್ದಲ್ಲ, ಮನೆಯವರದ್ದು. ಸೋಡಾದ ಹುಡಿಯನ್ನೇ ತರಬೇಕಾದ ಮನೆಯಲ್ಲಿ ಅದನ್ನು ಮೊದಲು ನೀರಿನಲ್ಲಿ ಪೂರ್ತಿ ಕರಗಿಸಿ, ಬಟ್ಟೆ ನೆನೆಸಿ, ತಿಕ್ಕಲಿಕ್ಕೆ ಬಾರ್ ಸೋಪು ಬಳಸಿದರೆ ಕೈಗೆ ತಾಗುವುದು ಕಡಿಮೆಯಾಗುತ್ತದೆ. ಒಗೆದು ಆದ ಮೇಲೆ ಕೈಗೆ ತೆಂಗಿನೆಣ್ಣೆ ತಿಕ್ಕಿಕೊಳ್ಳಬೇಕು. ದಪ್ಪದ ಕೆಲಸದ ಬಟ್ಟೆಯನ್ನು ಗಂಡಸರೇ ಒಗೆದುಕೊಳ್ಳುವುದು ಇನ್ನೂ ಒಳ್ಳೆಯ ಪರಿಹಾರ. ಅದಕ್ಕೆ ಖರ್ಚೇ ಇಲ್ಲ.

ಖರ್ಚು ಬೀಳುವ ಎರಡನೆಯ ಜಾಗ ತೋಡು. ಕೇರಳದ 44 ನದಿಗಳಲ್ಲಿ 12 ನಮ್ಮ ಜಿಲ್ಲೆಯಲ್ಲಿ ಹರಿಯುತ್ತವೆ ಎಂದು ಹೆಮ್ಮೆಯಿಂದ ಹೇಳುತ್ತೇವೆ. ಅವೆಲ್ಲವೂ ನಮ್ಮ ಬಚ್ಚಲ ಹಿಂದಿನ ಸಣ್ಣ ತೋಡುಗಳಿಂದ ತುಂಬಿದ್ದು. ಮಳೆಗಾಲದಲ್ಲಿ ಎಲ್ಲವನ್ನೂ ತೊಳೆದುಕೊಂಡು ಹೋಗುತ್ತದೆ, ಚಿಂತೆ ಕಡಿಮೆ. ಮಳೆ ನಿಂತ ಮೇಲೆ ನಾಲ್ಕು ಮನೆಯವರು ಸೇರಿ ತೋಡಿಗೆ ಕಟ್ಟ ಹಾಕುತ್ತಾರೆ. ಆ ನಿಂತ ನೀರು ಕೆಳಗಿನ ತೋಟಕ್ಕೆ ಹೋಗುತ್ತದೆ, ದನ ಕುಡಿಯುತ್ತದೆ, ಸುತ್ತಿನ ಬಾವಿಗಳಿಗೆ ಒಸರು ಕೊಡುತ್ತದೆ. ಅದಕ್ಕೆ ಮೇಲಿನ ಮನೆಯ ನೊರೆ ಸೇರಿದರೆ ಅದು ಎಲ್ಲರ ನೀರಿಗೆ ಒಬ್ಬರು ಹಾಕಿದ ಸೋಪು. ಫಾಸ್ಫೇಟ್ ಇರುವ ಹುಡಿ ನಿಂತ ನೀರಿನಲ್ಲಿ ಪಾಚಿಗೆ ಗೊಬ್ಬರ. ಬೆಂಗಳೂರಿನ ಬೆಳ್ಳಂದೂರು ಕೆರೆಯ ನೊರೆ 2015ರಲ್ಲಿ ರಸ್ತೆಗೆ ಹಾರಿ ಬಂದದ್ದನ್ನು ಟಿವಿಯಲ್ಲಿ ನೋಡಿದ್ದೇವೆ. ಶುದ್ಧ ಮಾಡದೆ ಬಿಟ್ಟ ಕೊಳಚೆ ನೀರು ಅದಕ್ಕೆ ಕಾರಣ, ಅದರೊಳಗೆ ಲಕ್ಷಾಂತರ ಬಚ್ಚಲುಗಳ ಸೋಪಿನ ಹುಡಿಯೂ ಇತ್ತು.

ಮೇಲೆ ಸುರಿದದ್ದು ಕೆಳಗೆ ಬರುತ್ತದೆ ಎಂದು ಕಾಸರಗೋಡಿನವರಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಗೇರು ತೋಟಗಳ ಮೇಲೆ ಸುಮಾರು 20 ವರ್ಷ ಆಕಾಶದಿಂದ ಎಂಡೋಸಲ್ಫಾನ್ ಸಿಂಪಡಿಸಿದರು, ಗುಡ್ಡದ ಮೇಲಿನದ್ದು ಸುರಂಗಕ್ಕೂ ತೋಡಿಗೂ ಇಳಿಯಿತು, 2011ರಲ್ಲಿ ಸುಪ್ರೀಂ ಕೋರ್ಟು ಅದನ್ನು ನಿಲ್ಲಿಸುವ ಹೊತ್ತಿಗೆ ಎಷ್ಟೋ ಮನೆಗಳಲ್ಲಿ ಆಗಬಾರದ್ದು ಆಗಿ ಹೋಗಿತ್ತು. ಸೋಪಿನ ಹುಡಿಯನ್ನು ಅದಕ್ಕೆ ಹೋಲಿಸುತ್ತಿಲ್ಲ, ಹಾಗೆ ಹೋಲಿಸಿದರೆ ಆ ಮನೆಗಳ ನೋವನ್ನು ಹಗುರ ಮಾಡಿದ ಹಾಗೆ. ಆದರೆ ಕೆಳಗಿನವರನ್ನು ಕೇಳದೆ ಮೇಲಿನಿಂದ ಸುರಿಯಬಾರದು ಎಂಬ ಮಾತನ್ನು ನಾವು ದೊಡ್ಡವರಿಗೆ ಹೇಳಿದವರು. ಅದೇ ಮಾತು ಸಣ್ಣ ಅಳತೆಯಲ್ಲಿ ನಮ್ಮ ಬಾಲ್ದಿಗೂ ಹೊಂದುತ್ತದೆ.

ಹಾಗಾದರೆ ಅಂಟುವಾಳಕ್ಕೇ ಹಿಂದೆ ಹೋಗಬೇಕೋ? ಇದ್ದವರು ಖಂಡಿತ ಬಳಸಬಹುದು. ರೇಷ್ಮೆಗೆ, ಚಿನ್ನಕ್ಕೆ, ಬಣ್ಣ ಬಿಡುವ ಸೀರೆಗೆ ಅದು ಒಳ್ಳೆಯದೇ. ಆದರೆ "ಪ್ರಕೃತಿಯದ್ದು, ಏನೂ ಆಗುವುದಿಲ್ಲ" ಎಂಬ ಧೈರ್ಯ ಬೇಡ. ಅಂಟುವಾಳದ ನೊರೆ ಮೀನಿಗೆ ವಿಷ. ತೋಡಿಗೆ ಬಿಡಬಾರದ್ದು ಯಾವುದಿದ್ದರೂ ಬಿಡಬಾರದು. ಜಾಲಾಡಿದ ನೀರನ್ನು ತೆಂಗಿನ ಬುಡಗಳಿಗೆ ಸರದಿಯ ಮೇಲೆ ಬಿಡುವುದು, ಒಂದೇ ಬುಡಕ್ಕೆ ದಿನಾ ಬಿಡದಿರುವುದು, ಮೊದಲ ಗಟ್ಟಿ ನೀರನ್ನು ತೋಡಿನಿಂದ ದೂರ ಒಂದು ಇಂಗುಗುಂಡಿಗೆ ಹಾಕುವುದು, ಇಷ್ಟು ಮಾಡಿದರೆ ಯಾವ ಹುಡಿಯ ದೋಷವೂ ಅರ್ಧಕ್ಕರ್ಧ ಕಡಿಮೆಯಾಗುತ್ತದೆ. ನೀರು ಮಣ್ಣಿಗೆ ಕಡಿಮೆ ಹಾನಿ ಮಾಡುವ ಸಾಮಾನಿಗೆ ಗುರುತು ಕೊಡಲಿಕ್ಕೆ ಭಾರತ ಸರಕಾರ 1991ರಲ್ಲಿಯೇ ಇಕೋಮಾರ್ಕ್ ಎಂಬ ಯೋಜನೆ ತಂದಿತ್ತು, ಮಣ್ಣಿನ ಮಡಕೆ ಅದರ ಚಿಹ್ನೆ. ಅಂಗಡಿಯಲ್ಲಿ ಆ ಮಡಕೆ ಕಾಣುವುದು ಅಪರೂಪ. ಕೇಳುವವರೂ ಅಪರೂಪ.

ಇಷ್ಟು ಹೇಳಿದ ಮೇಲೆ "ಅದೆಲ್ಲ ಸರಿ, ಕೊನೆಗೆ ಯಾವುದು ತರಬೇಕು ಹೇಳಿ" ಎಂದು ಕೇಳುವುದು ನ್ಯಾಯವೇ. ಮೆದು ನೀರಿನ ಮನೆಗೆ ಸೋಪಿನ ಬಾರ್, ತೀರಾ ಜಿಡ್ಡಿನ ಬಟ್ಟೆಗೆ ಮಾತ್ರ ಒಂದು ಸಣ್ಣ ಪ್ಯಾಕೆಟ್ ಹುಡಿ. ಉಪ್ಪು ನೀರಿನ, ಗಡಸು ನೀರಿನ ಮನೆಗೆ ಹುಡಿ, ಫಾಸ್ಫೇಟ್ ಇಲ್ಲದ್ದು ಸಿಕ್ಕಿದರೆ ಅದು. ಕಬ್ಬಿಣದ ನೀರಿನ ಮನೆಯವರು ಹುಡಿ ಬದಲಿಸುವ ಮೊದಲು ನೀರನ್ನು ತಿಳಿ ಮಾಡುವುದು. ಎಳೆ ಮಗು, ಚರ್ಮದ ತೊಂದರೆ ಇರುವವರು ಇದ್ದರೆ ವಾಸನೆ ಇಲ್ಲದ್ದು, ಒಂದು ನೀರು ಹೆಚ್ಚು ಜಾಲಾಟ. ಹೆಸರು ಯಾವುದೇ ಇರಲಿ, ಪ್ಯಾಕೆಟಿನಲ್ಲಿ ಹೇಳಿದ ಅಳತೆಯಿಂದ ತೊಡಗಿ ಸ್ವಲ್ಪ ಸ್ವಲ್ಪ ಕಡಿಮೆ ಮಾಡುತ್ತಾ ಹೋಗಿ, ಕೊಳೆ ಹೋಗದೆ ಉಳಿಯುವಲ್ಲಿ ನಿಲ್ಲಿಸಿ ಒಂದು ಹೆಜ್ಜೆ ಹಿಂದೆ ಬರುವುದು. ಆ ಅಳತೆ ನಿಮ್ಮ ಮನೆಯದ್ದು.

ಇದನ್ನು ತೀರ್ಮಾನಿಸುವಾಗ ಮೊದಲ ಮಾತು ಒಗೆಯುವವರದ್ದಾಗಲಿ. ಈ ಸಲ ಸಾಮಾನಿನ ಚೀಟಿ ಬರೆಯುವ ಮೊದಲು ಅವರ ಅಂಗೈ ಒಮ್ಮೆ ನೋಡಿ, ಬಚ್ಚಲ ನೀರು ಎಲ್ಲಿಗೆ ಹೋಗುತ್ತದೆ ಎಂದು ಅದರ ಹಿಂದೆಯೇ ನಾಲ್ಕು ಹೆಜ್ಜೆ ನಡೆದು ನೋಡಿ. ಮತ್ತೆ ಅಂಗಡಿಗೆ ಹೋದರೆ ಸಾಕು. ಕಲೆಯನ್ನು ಅಷ್ಟಿಷ್ಟು ಬಿಡಬಹುದು, ಅದು ದುಡಿದದ್ದರ ಗುರುತು. ಮೈಲಿಗೆಯನ್ನು ಬಿಡಲಿಕ್ಕೆ ಅಂಗಡಿಗೂ ಹೋಗಬೇಕಾಗಿಲ್ಲ, ನಾಳೆ ಸಾಲಿನಲ್ಲಿ ನಿಂತ ಮಗುವಿನ ಅಂಗಿಯನ್ನು ನೋಡುವಾಗ ಬಿಟ್ಟರೆ ಆಯಿತು.